ನೆಟ್ಟಗೆ ನಡೆದ ಹಸುಗಳು

ಕೋಗಿಲಿನ ಹನುಮಯ್ಯ ಹಸುವಿನ ಕುಂಟು ಬಿಡಿಸುತ್ತಾನೆ ಎನ್ನುವುದು ಯಲಹಂಕದ ಸುತ್ತಲಿನ ಹಾಲಿನವರಿಗೆಲ್ಲ ಗೊತ್ತಿದ್ದ ಮಾತು. ಹೊಲಗಳು ಸೈಟುಗಳಾಗಿ, ಸೈಟುಗಳ ಮೇಲೆ ನಾಲ್ಕಂತಸ್ತು ಎದ್ದು ಎಷ್ಟೋ ವರ್ಷವಾಗಿದ್ದರೂ, ಅಪಾರ್ಟ್‌ಮೆಂಟುಗಳ ಕಾಂಪೌಂಡಿಗೆ ಬೆನ್ನು ಕೊಟ್ಟ ಶೀಟಿನ ಕೊಟ್ಟಿಗೆಗಳಲ್ಲಿ ಸೀಮೆಹಸುಗಳು ಉಳಿದುಕೊಂಡಿದ್ದವು. ಹಗಲೂ ರಾತ್ರಿ ಸಿಮೆಂಟು ನೆಲದ ಮೇಲೆ ನಿಂತು ನಿಂತು ಅವುಗಳ ಕೀಲುಗಳು ಊದಿಕೊಳ್ಳುತ್ತಿದ್ದವು. ಡಾಕ್ಟರು ಬಂದು ಎರಡು ಇಂಜೆಕ್ಷನ್ ಕೊಟ್ಟು, ಕೆಳಗೆ ಮೆತ್ತಗೆ ಏನಾದರೂ ಹಾಸಿ, ಎರಡು ತಿಂಗಳು ನಡೆಸಬೇಡಿ ಎಂದು ಹೇಳಿ ಹೋಗುತ್ತಿದ್ದರು. ಅಷ್ಟು ದಿನ ಕಾಯುವ ವ್ಯವಧಾನ ಯಾರಿಗೂ ಇರಲಿಲ್ಲ. ಆಮೇಲೆ ಹನುಮಯ್ಯನಿಗೆ ಫೋನು ಬರುತ್ತಿತ್ತು.

ಅವನು ಬರೆ ಹಾಕುತ್ತಿದ್ದ. ಅವನ ಅಪ್ಪ ಹಾಕಿದ್ದ, ಅಪ್ಪನ ಅಪ್ಪನೂ ಹಾಕಿದ್ದ. ಹಸುವನ್ನು ಕೆಡವಿ, ನಾಲ್ಕು ಕಾಲು ಸೇರಿಸಿ ಕಟ್ಟಿ, ಕೊರಳ ಮೇಲೆ ಒಬ್ಬನನ್ನು ಕೂರಿಸಿ, ಇದ್ದಿಲ ಕೆಂಡದಲ್ಲಿ ಕೆಂಪಗೆ ಕಾದ ಕಬ್ಬಿಣದ ಸಲಾಕೆಯಿಂದ ಊದಿದ ಕೀಲಿನ ಮೇಲೆ ಉದ್ದಕ್ಕೆ ಮೂರು ಗೆರೆ, ಅಡ್ಡಕ್ಕೆ ಎರಡು. ಅವಸರ ಮಾಡಬಾರದು, ಕೈ ನಡುಗಿದರೆ ಚರ್ಮ ಹರಿಯುತ್ತದೆ. ಹಸು ಮೊದಲ ಗೆರೆಗೆ ಕೂಗುತ್ತದೆ, ಎರಡನೆಯದಕ್ಕೆ ಉಚ್ಚೆ ಹೊಯ್ದುಕೊಳ್ಳುತ್ತದೆ, ಐದನೆಯದರ ಹೊತ್ತಿಗೆ ಸುಮ್ಮನಾಗಿಬಿಡುತ್ತದೆ. ಸುಮ್ಮನಾಯಿತೆಂದರೆ ನೋವು ಇಳಿಯಿತೆಂದು ಅವನು ನಂಬಿದ್ದ, ನೋಡುವವರಿಗೂ ಹಾಗೇ ಹೇಳುತ್ತಿದ್ದ. ಸುಟ್ಟ ಜಾಗಕ್ಕೆ ಬೇವಿನೆಣ್ಣೆ, ಅರಿಶಿನ ಮೆತ್ತಿ ಬರುತ್ತಿದ್ದ. ಎಂಟನೆಯ ದಿನ ಮತ್ತೆ ಹೋಗಿ, ಹಸುವನ್ನು ಬಿಚ್ಚಿಸಿ, ತಾನು ಹತ್ತು ಹೆಜ್ಜೆ ಮುಂದೆ ನಿಂತು ನಾಲಿಗೆ ಲೊಚಗುಟ್ಟಿ ಕರೆಯುತ್ತಿದ್ದ. ಹಸು ನಾಲ್ಕೂ ಕಾಲೂರಿ ನೆಟ್ಟಗೆ ಬರುತ್ತಿತ್ತು. ಕೊಟ್ಟಿಗೆಯವರು ಕೈ ಮುಗಿಯುತ್ತಿದ್ದರು.

ಹರಿಪ್ರಿಯಾ ಅವನ ಮನೆ ಹುಡುಕಿಕೊಂಡು ಬಂದದ್ದು ಶಿವರಾತ್ರಿ ಕಳೆದ ವಾರ. ಗಂಗಾನಗರದ ಹುಡುಗಿ. ಹೆಬ್ಬಾಳದ ಕಡೆಯ ಒಂದು ಖಾಸಗಿ ಪಶು ಸಂಶೋಧನಾ ಕೇಂದ್ರದಲ್ಲಿ ಕೆಲಸ. ಹಾಲು ಕೊಡುವ ಹಸುಗಳ ಕೀಲುರೋಗ ಅವಳ ವಿಷಯ. ಪ್ರಾಣಿ ದಯೆಯವರು ಹಿಂದೆ ಎರಡು ಸಲ ಪೊಲೀಸರನ್ನು ಕರೆದುಕೊಂಡು ಬಂದಿದ್ದರಿಂದ ಹನುಮಯ್ಯ ಮೊದಲು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದ. ಅವಳು ಮುಚ್ಚುಮರೆ ಮಾಡಲಿಲ್ಲ. ಬರೆ ಹಾಕುವುದು ತನಗೆ ಇಷ್ಟವಿಲ್ಲ ಎಂದಳು. ಆದರೆ ಅದರಿಂದ ವಾಸಿಯಾಗುತ್ತದೋ ಇಲ್ಲವೋ ಎಂದು ಯಾರೂ ಅಳೆದು ನೋಡಿಲ್ಲ, ಅಳೆಯದೆ ನಿಲ್ಲಿಸಿ ಎಂದರೆ ಹಾಲಿನವರು ಕೇಳುವುದಿಲ್ಲ ಎಂದಳು. ತಾನು ಹಾಕು ಎನ್ನುವುದಿಲ್ಲ, ಬೇಡ ಎನ್ನುವುದೂ ಇಲ್ಲ. ಅವನನ್ನು ಎಲ್ಲಿಗೆ ಕರೆದರೂ ತನಗೊಂದು ಮಾತು ತಿಳಿಸಿದರೆ ಸಾಕು, ತನ್ನ ಚಾಪೆ ತೆಗೆದುಕೊಂಡು ಬರುತ್ತೇನೆ ಎಂದಳು. ಆ ಚಾಪೆಯ ಮೇಲೆ ಹಸು ನಡೆದರೆ ಯಾವ ಕಾಲಿನ ಮೇಲೆ ಎಷ್ಟು ಭಾರ ಹಾಕಿತು ಎಂಬುದು ಕಂಪ್ಯೂಟರಿನಲ್ಲಿ ಬರುತ್ತದೆ.

"ನಿಮ್ ಲೆಕ್ಕ ನನ್ ಕಡೀಕೇ ಬಂದ್ರೆ?" ಎಂದು ಹನುಮಯ್ಯ ಕೇಳಿದ.

"ಬಂದ್ರೆ ಹಂಗೇ ಬರೀತೀನಿ ತಾತ."

ಈ ಉತ್ತರ ಅವನಿಗೆ ಹಿಡಿಸಿತು. ಎಪ್ಪತ್ತು ದಾಟಿದ ಮೇಲೆ ಓದಿದವರೊಬ್ಬರು ತನ್ನ ಕೈಕೆಲಸವನ್ನು ಅಳೆಯಲು ಬಂದಿದ್ದಾರೆ ಎಂದು ಎದೆ ಉಬ್ಬಿತು. ಒಳಗೆ ಕರೆದು ಕೂರಿಸಿದ, ಕಾಫಿ ಮಾಡಿಸಿದ. ಹಸುವಿಗೆ ಮಾತ್ರ ಯಾಕೆ, ಮನುಷ್ಯರಿಗೂ ಆಗುತ್ತದೆ ಎಂದು ಹೆಂಡತಿ ಯಲ್ಲಮ್ಮನನ್ನು ಕರೆದು ಮಂಡಿ ತೋರಿಸಲು ಹೇಳಿದ. ಇಪ್ಪತ್ತೆರಡು ವರ್ಷದ ಹಿಂದೆ ಮಂಡಿ ನೋವೆಂದು ತಿಂಗಳೆಲ್ಲ ನರಳಿದವಳು, ಒಂದು ಸಲ ಬರೆ ಎಳೆದದ್ದೇ, ಅಲ್ಲಿಂದೀಚೆಗೆ ಒಂದು ದಿನ ನೋವು ಅಂದವಳಲ್ಲ ಎಂದ. ಯಲ್ಲಮ್ಮ ಸೀರೆಯನ್ನು ಮಂಡಿಯವರೆಗೆ ಎತ್ತಿ ಹಿಡಿದಳು. ಮೂರು ಗೆರೆ, ಅಡ್ಡಕ್ಕೆ ಎರಡು, ಬೆಳ್ಳಗೆ ಹೊಳೆಯುತ್ತಿದ್ದವು. ಈಗ ನೋವಿದೆಯೇ ಎಂದು ಹರಿಪ್ರಿಯಾ ಕೇಳಿದಾಗ ಅವಳು ಗಂಡನ ಕಡೆ ಒಮ್ಮೆ ನೋಡಿ, ಏನೂ ಇಲ್ಲ ಎಂದು ಸೀರೆ ಇಳಿಬಿಟ್ಟು, ಲೋಟ ತೆಗೆದುಕೊಂಡು ನೆಟ್ಟಗೆ ಒಳಗೆ ನಡೆದಳು.

ಮುಂದಿನ ನಾಲ್ಕು ತಿಂಗಳಲ್ಲಿ ಹನುಮಯ್ಯ ಹನ್ನೊಂದು ಹಸುಗಳಿಗೆ ಬರೆ ಹಾಕಿದ. ಪ್ರತಿ ಸಲವೂ ಹರಿಪ್ರಿಯಾ ಬಂದಳು. ಕೆಡವುವ ಮೊದಲು ಒಮ್ಮೆ ಚಾಪೆಯ ಮೇಲೆ ನಡೆಸಿ, ಎಂಟನೆಯ ದಿನ, ತಿಂಗಳಿಗೆ ಮತ್ತೆ ನಡೆಸಿದಳು. ಸಲಾಕೆ ಕಾಯುವಾಗ ಅವಳು ರಸ್ತೆಗೆ ಹೋಗಿ ನಿಲ್ಲುತ್ತಿದ್ದಳು. ಬರೆಯಾದ ಮೇಲೆ ಹಸುವನ್ನು ಚಾಪೆಯ ಮೇಲೆ ಕರೆಯುವ ಕೆಲಸ ಹನುಮಯ್ಯನದು. ಅದನ್ನು ಅವನು ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಚಾಪೆಯ ಆ ತುದಿಯಲ್ಲಿ ನಿಂತು ಲೊಚಗುಟ್ಟುತ್ತಿದ್ದ, ಹಸು ಬರುತ್ತಿತ್ತು.

ಲೆಕ್ಕ ಅವನ ಕಡೆಗೇ ಬಂತು. ಬರೆಗೆ ಮುಂಚೆ ನೋವಿನ ಕಾಲನ್ನು ನೆಲಕ್ಕೆ ಸೋಕಿಸಿ ಎತ್ತುತ್ತಿದ್ದ ಹಸುಗಳು ಎಂಟೇ ದಿನಕ್ಕೆ ಎರಡೂ ಹಿಂಗಾಲಿನ ಮೇಲೆ ಸಮಸಮ ಭಾರ ಹಾಕುತ್ತಿದ್ದವು. ಹರಿಪ್ರಿಯಾಗೇ ನಂಬಲಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಅವನಿಗೆ ಹೇಳಿದಳು. ಹನುಮಯ್ಯ ಅದನ್ನು ಕೋಗಿಲು ಕ್ರಾಸಿನ ಟೀ ಅಂಗಡಿಯಲ್ಲಿ ಹೇಳಿದ, ಕ್ಷೌರದಂಗಡಿಯಲ್ಲಿ ಹೇಳಿದ, ಮನೆಗೆ ಬಂದು ಊಟಕ್ಕೆ ಕೂತಾಗ ಯಲ್ಲಮ್ಮನಿಗೆ ಹೇಳಿದ. ಅವಳು ಮುದ್ದೆಗೆ ಸಾರು ಬಿಟ್ಟು ಹೂಂ ಎಂದಳು.

ಜುಲೈ ಮೊದಲ ವಾರ ಹನುಮಯ್ಯ ದೊಡ್ಡಬಳ್ಳಾಪುರಕ್ಕೆ ಒಂದು ಮದುವೆಗೆ ಹೋಗಿದ್ದ. ಆ ದಿನ ಯಲಹಂಕದ ಪಕ್ಕದ ಸಿಂಗಾಪುರ ಹಳ್ಳಿಯ ವಿಜಯ್ ಕುಮಾರನ ಹಸು ಲಚ್ಚಿಯ ತಿಂಗಳ ಅಳತೆ ಇತ್ತು. ವಿಜಯ್ ಕುಮಾರ್ ಆರು ಹಸು ಕಟ್ಟಿಕೊಂಡು ಎರಡು ಲೇಔಟಿಗೆ ಹಾಲು ಹಾಕುತ್ತಿದ್ದವನು; ಲಚ್ಚಿ ಅವನಲ್ಲಿ ಹೆಚ್ಚು ಹಾಲು ಕೊಡುತ್ತಿದ್ದ ಕರಾವು. ಅವನೇ ಕೈಯಲ್ಲಿ ಹಿಂಡಿ ಹಿಡಿದು ಅದನ್ನು ಚಾಪೆಯ ಮೇಲೆ ಕರೆದ. ಲಚ್ಚಿ ಕುಂಟಿತು. ಬರೆಗೆ ಮುಂಚಿಗಿಂತ ಹೆಚ್ಚಾಗಿ ಕುಂಟಿತು. ಚಾಪೆ ಕೆಟ್ಟಿರಬೇಕೆಂದು ಹರಿಪ್ರಿಯಾ ಅದನ್ನು ಕೇಂದ್ರಕ್ಕೆ ಒಯ್ದು ಪರೀಕ್ಷಿಸಿದಳು, ಕೆಟ್ಟಿರಲಿಲ್ಲ. ಎರಡು ದಿನ ಬಿಟ್ಟು ಹನುಮಯ್ಯ ಬಂದ ಮೇಲೆ ಮತ್ತೆ ನಡೆಸಿದಳು. ಅವನ ಮುಂದೆ ಲಚ್ಚಿ ನೆಟ್ಟಗೆ ನಡೆಯಿತು. ಆಗ ಅವಳಿಗೆ ಅನುಮಾನ ಬಂತು. ಯಾರಿಗೂ ಹೇಳದೆ ಉಳಿದ ಹತ್ತು ಕೊಟ್ಟಿಗೆಗಳಿಗೂ ಹೋಗಿ, ಹನುಮಯ್ಯ ಇಲ್ಲದ ಹೊತ್ತಿನಲ್ಲಿ ಹಸುಗಳನ್ನು ನಡೆಸಿ ನೋಡಿದಳು. ಹತ್ತೂ ಕುಂಟಿದವು. ಬರೆಯ ಗಾಯ ಮಾಗುವ ತನಕ ಆಗಾಗ ಕುಂಟುತ್ತವೆ ಎಂದು ಹನುಮಯ್ಯ ಹೇಳಿದ್ದನ್ನು ಕೊಟ್ಟಿಗೆಯವರು ನಂಬಿಕೊಂಡಿದ್ದರು.

ಅವಳು ಇದನ್ನು ಹೇಳಿದಾಗ ಹನುಮಯ್ಯ ನಕ್ಕ. ಆಮೇಲೆ ಸಿಟ್ಟಾದ. ವಿಜಯ್ ಕುಮಾರನ ಕೊಟ್ಟಿಗೆಗೇ ಹೋಗಿ ನೋಡಿಬಿಡೋಣ ಎಂದು ಅವಳು ಕರೆದುಕೊಂಡು ಹೋದಳು. ಅವನನ್ನು ರಸ್ತೆಯಲ್ಲಿ ನಿಲ್ಲಿಸಿದ್ದ ಕಾರಿನಲ್ಲಿ ಕೂರಿಸಿ, ಮಡಿಲಿಗೆ ಟ್ಯಾಬ್ ಕೊಟ್ಟಳು. ಕೊಟ್ಟಿಗೆಯೊಳಗಿನ ಕ್ಯಾಮೆರಾ ಹಿಡಿದದ್ದು ಅದರಲ್ಲಿ ಕಾಣುತ್ತಿತ್ತು. ವಿಜಯ್ ಕುಮಾರ್ ಹಿಂಡಿ ತೋರಿಸಿದ. ಲಚ್ಚಿ ತಲೆ ತೂಗುತ್ತ, ಬೆನ್ನು ಬಗ್ಗಿಸಿ, ಹಿಂದಿನ ಎಡಗಾಲನ್ನು ಎಳೆದುಕೊಂಡು ಬಂತು. ಹಿಂಡಿ ತಿಂದು ಆ ಕಾಲನ್ನು ಮಡಚಿ ಎತ್ತಿ ಹಿಡಿದು ನಿಂತಿತು.

ಈಗ ಒಳಗೆ ಹೋಗಿ ಎಂದಳು ಹರಿಪ್ರಿಯಾ. "ಇವತ್ತು ಕಾಲು ನೋಡ್ಬೇಡಿ ತಾತ. ಮುಖ ನೋಡಿ."

ಹನುಮಯ್ಯ ಗೇಟು ತೆಗೆದ. ಬೀಡಿ ಸೇದುವವನ ಕೆಮ್ಮು ಅವನದು, ಅಭ್ಯಾಸದಂತೆ ಒಮ್ಮೆ ಕೆಮ್ಮಿದ. ಲಚ್ಚಿಯ ಕಿವಿಗಳು ಹಿಂದಕ್ಕೆ ಒತ್ತಿಕೊಂಡವು. ಎತ್ತಿ ಹಿಡಿದಿದ್ದ ಕಾಲು ನೆಲಕ್ಕೆ ಇಳಿಯಿತು, ಭಾರ ಅದರ ಮೇಲೆ ಬಿತ್ತು, ತೊಡೆಯ ಚರ್ಮ ಅದುರಿತು. ಕಣ್ಣಿನ ಬಿಳಿ ಅಷ್ಟೂ ಕಾಣುತ್ತಿತ್ತು. ಅವನು ಲೊಚಗುಟ್ಟಿದ. ಅದು ನಾಲ್ಕೂ ಕಾಲೂರಿ, ಒಂದು ಹೆಜ್ಜೆಯೂ ತಪ್ಪದೆ ಅವನ ಮುಂದೆ ಬಂದು ನಿಂತಿತು. ಅದರ ಮೂಗಿನಿಂದ ಉಸಿರು ಕಡಿಕಡಿದು ಬರುತ್ತಿತ್ತು.

"ಕಾಡಲ್ಲಿ ಕುಂಟೋ ಪ್ರಾಣೀನೇ ಮೊದ್ಲು ಸಾಯೋದು," ಎಂದು ಹರಿಪ್ರಿಯಾ ಹಿಂದಿನಿಂದ ಹೇಳಿದಳು. "ಅದಕ್ಕೇ ಇವು ನೋವು ಮುಚ್ಚಿಟ್ಕೊಳ್ತವೆ. ನಿಮ್ ಮುಂದೆ ಮುಚ್ಚಿಟ್ಕೊಳ್ತಿವೆ. ನೀವು ವಾಸಿ ಮಾಡಿದ್ದು ಒಂದನ್ನೂ ಇಲ್ಲ ತಾತ."

ವಿಜಯ್ ಕುಮಾರ್ ಅಲ್ಲೇ ನಿಂತು ಕೇಳುತ್ತಿದ್ದ. ಅವನ ಮುಂದೆ ಹೇಳಬಾರದಿತ್ತು ಎಂದು ಅವಳಿಗೆ ಹೊಳೆಯಲೇ ಇಲ್ಲ. ಹನುಮಯ್ಯ ಗೇಟು ಎಳೆದುಕೊಂಡು ಹೊರಟುಹೋದ.

ಲಚ್ಚಿ ವಾಸಿಯಾಯಿತೆಂದು ನಂಬಿ ವಿಜಯ್ ಕುಮಾರ್ ಅದನ್ನು ತಿಂಗಳಿಗೂ ಮೇಲೆ ದಿನವೂ ಇಳಿಜಾರಿನ ರಸ್ತೆಯಲ್ಲಿ ಮೇಯಲು ಬಿಟ್ಟಿದ್ದ. ಆ ಮಾತಾಗಿ ಎರಡು ವಾರಕ್ಕೆ ಅದು ಕೊಟ್ಟಿಗೆಯಲ್ಲಿ ಕುಸಿಯಿತು, ಮತ್ತೆ ಏಳಲಿಲ್ಲ. ಹಗ್ಗ ಹಾಕಿ ಎತ್ತಿದರು, ನಿಲ್ಲಲಿಲ್ಲ. ಮಲಗಿದ ಮಗ್ಗುಲಲ್ಲಿ ಹುಣ್ಣಾಗಿ, ಹುಣ್ಣಿಗೆ ನೊಣ ಮುತ್ತಿ, ಒಂಬತ್ತು ದಿನ ನರಳಿ ಸತ್ತಿತು. ಆ ದಿನಗಳಲ್ಲಿ ಹನುಮಯ್ಯ ಒಮ್ಮೆ ನೋಡಲು ಹೋದ. ಬಾಗಿಲಲ್ಲಿ ಅವನನ್ನು ಕಂಡದ್ದೇ ಲಚ್ಚಿ ಮುಂಗಾಲೂರಿ ಏಳಲು ಒದ್ದಾಡಿತು. ವಿಜಯ್ ಕುಮಾರ್ ಅವನ ತೋಳು ಹಿಡಿದು ಹೊರಗೆ ಬಿಟ್ಟು, ಇನ್ನು ಈ ಕಡೆ ತಲೆ ಹಾಕಬೇಡ ಎಂದ.

ಹರಿಪ್ರಿಯಾ ಸತ್ತ ಹಸುವಿನ ಕಾಲನ್ನು ಕೇಂದ್ರಕ್ಕೆ ತರಿಸಿ ಕೀಲು ಬಿಚ್ಚಿದಳು. ನೋಡಿದರೆ ಅವನಿಗೆ ಅರ್ಥವಾಗುತ್ತದೆ ಎಂದು ಕರೆಸಿ, ತೊಳೆದ ಮೂಳೆಯನ್ನು ಅವನ ಅಂಗೈಯಲ್ಲಿಟ್ಟಳು. ಎರಡು ಮೂಳೆಯ ನಡುವೆ ಇರಬೇಕಾದ ಮೆತ್ತನೆಯ ಪದರ ಪೂರ್ತಿ ಸವೆದು, ಮೂಳೆಗೆ ಮೂಳೆಯೇ ಉಜ್ಜಿ ತುದಿ ಗಾಜಿನಂತೆ ಹೊಳೆಯುತ್ತಿತ್ತು. ಕುಂಟಿದ್ದರೆ ಇಷ್ಟು ಸವೆಯುತ್ತಿರಲಿಲ್ಲ, ಕುಂಟುವುದೇ ಪ್ರಾಣಿ ತನ್ನ ಕೀಲನ್ನು ಕಾಪಾಡಿಕೊಳ್ಳುವ ದಾರಿ ಎಂದು ಅವಳು ವಿವರಿಸಿದಳು. ಮೇಲಿನ ಬರೆ ಚರ್ಮ ದಾಟಿ ಒಳಗೆ ಇಳಿದೇ ಇರಲಿಲ್ಲ. ಹನುಮಯ್ಯ ಆ ನುಣುಪಿನ ಮೇಲೆ ಹೆಬ್ಬೆರಳು ಆಡಿಸಿ, ಮೂಳೆಯನ್ನು ಮೇಜಿನ ಮೇಲಿಟ್ಟ.

ಆಗಲೇ ಅವಳು ಇನ್ನೊಂದು ಮಾತು ಕೇಳಿದಳು. ಬರೆಯ ವಿಷಯ ಮುಗಿಯಿತು, ಆದರೆ ಭಯದಿಂದ ಹಸು ಎಷ್ಟರ ಮಟ್ಟಿಗೆ ನೋವು ಮುಚ್ಚಿಡಬಲ್ಲದು ಎಂಬುದನ್ನು ಹೀಗೆ ಯಾರೂ ಅಳೆದಿಲ್ಲವಂತೆ. ಡಾಕ್ಟರ ಮುಂದೆ ಕುಂಟದ ಹಸುಗಳಿಗೆ ಕಾಯಿಲೆ ಇಲ್ಲವೆಂದು ಎಷ್ಟು ಕಡೆ ಬರೆದುಕೊಂಡಿದ್ದಾರೋ! ಉಳಿದ ಹತ್ತು ಹಸುಗಳನ್ನು ಔಷಧಿಗೆಂದು ಕೇಂದ್ರಕ್ಕೇ ತರಿಸುತ್ತಿದ್ದೇವೆ, ನೀವು ಬರಬೇಕು ಎಂದಳು.

"ಏನೂ ಮಾಡ್ಬೇಕಾಗಿಲ್ಲ. ಸುಮ್ನೆ ನಿಂತ್ಕೊಂಡ್ರೆ ಸಾಕು."

ಹನುಮಯ್ಯ ಒಪ್ಪಿಕೊಂಡ. ಯಾಕೆ ಒಪ್ಪಿದನೋ ಅವನಿಗೇ ಬಗೆಹರಿಯಲಿಲ್ಲ. ಒಂದಾದರೂ ಹಸು ತನ್ನನ್ನು ಕಂಡು ಕುಂಟೀತು ಎಂಬ ಆಸೆ ಇತ್ತೋ ಏನೋ.

ಕೇಂದ್ರದ ಹಿಂದಿನ ಶೆಡ್ಡಿನಲ್ಲಿ ಮೂರು ದಿನ ಆ ಕೆಲಸ ನಡೆಯಿತು. ಹೋಲಿಸಿ ನೋಡಲು ಅವನದೇ ವಯಸ್ಸಿನ, ಅವನಂತೆಯೇ ಪಂಚೆ ಉಟ್ಟ ವೆಂಕಟರಾಮಯ್ಯ ಎಂಬ ನಿವೃತ್ತ ಗುಮಾಸ್ತನನ್ನೂ ಕರೆಸಿದ್ದರು. ಹಸುಗಳ ಹತ್ತಿರ ಎಂದೂ ಸುಳಿಯದ ಮನುಷ್ಯ. ವೆಂಕಟರಾಮಯ್ಯ ಚಾಪೆಯ ತುದಿಯಲ್ಲಿ ಅಂಜಿಕೊಂಡೇ ನಿಂತ. ಹಸುಗಳು ಕುಂಟುತ್ತ ಕುಂಟುತ್ತ ನಿಧಾನವಾಗಿ ಬಂದು ಅವನ ಅಂಗಿಯ ತೋಳು ನೆಕ್ಕಿದವು. ಆಮೇಲೆ ಹನುಮಯ್ಯ ನಿಂತ. ಅವೇ ಹಸುಗಳು ಬೆನ್ನು ನೆಟ್ಟಗೆ ಮಾಡಿ, ಕತ್ತು ಬಿಗಿದು, ಮೆರವಣಿಗೆಯಲ್ಲಿ ಬರುವಂತೆ ಬಂದವು. ಒಂದು ಕಪ್ಪು ಹಸು ಅವನ ಹತ್ತಿರ ಬಂದು ನಿಂತು ಚಾಪೆಯ ಮೇಲೆ ಉಚ್ಚೆ ಹೊಯ್ದುಕೊಂಡಿತು. ಹರಿಪ್ರಿಯಾ ಅದನ್ನೂ ಬರೆದುಕೊಂಡಳು. ಹತ್ತಕ್ಕೆ ಹತ್ತೂ ಒಂದೇ ತರಹ ಬಂದಿವೆ, ಇಷ್ಟು ಸ್ಪಷ್ಟವಾಗಿ ಸಿಗುತ್ತದೆ ಎಂದುಕೊಂಡಿರಲಿಲ್ಲ ಎಂದು ಅವಳು ಸಂತೋಷದಿಂದ ಅವನ ಕೈ ಕುಲುಕಿದಳು.

ಮೂರನೆಯ ದಿನ ಮಧ್ಯಾಹ್ನ ಬಸ್ಸಿಳಿದು ಹನುಮಯ್ಯ ಮನೆಗೆ ಬಂದ. ಯಲ್ಲಮ್ಮ ನೆಲದ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ಅವನನ್ನು ಕಂಡು ಎದ್ದಳು. ಕೈ ಊರದೆ, ಗೋಡೆ ಹಿಡಿಯದೆ, ತುಟಿ ಬಿಗಿದುಕೊಂಡು ನೆಟ್ಟಗೆ ಎದ್ದಳು. ಇಪ್ಪತ್ತೆರಡು ವರ್ಷ ಅವಳು ಹೀಗೇ ಎದ್ದಿದ್ದಳು. ಅವನು ಒಂದು ದಿನವೂ ಆ ಮುಖ ನೋಡಿರಲಿಲ್ಲ.

ಟೀ ಕುಡಿದು ಬರುತ್ತೇನೆಂದು ಹೇಳಿ ಅವನು ಹೊರಗೆ ಹೋದ. ಬೀದಿಯ ಕೊನೆಗೆ ಹೋಗಿ, ಹಿಂದಿನ ಸಂದಿಯಿಂದ ತಿರುಗಿ ಬಂದು, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಗೋಡೆಗೆ ಒರಗಿ ಕೂತ. ಸ್ವಲ್ಪ ಹೊತ್ತಿಗೆ ಯಲ್ಲಮ್ಮ ಸಿಪ್ಪೆ ಚೆಲ್ಲಲು ಹಿತ್ತಲಿಗೆ ಬಂದಳು. ಹಿತ್ತಲ ಬಾಗಿಲಿಗೆ ಮೂರು ಮೆಟ್ಟಿಲು. ಬಾಗಿಲ ಚೌಕಟ್ಟು ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡು ಕಾಲು ಸೇರಿಸಿ ಇಳಿದಳು. ಸಿಪ್ಪೆ ಚೆಲ್ಲಿ ಹಿಂದಿರುಗಿದವಳು ಮೊರವನ್ನು ಮೇಲಿನ ಮೆಟ್ಟಿಲ ಮೇಲಿಟ್ಟು, ಎರಡು ಕೈಯನ್ನೂ ಕಲ್ಲಿಗೆ ಊರಿ, ಎಳೆಯ ಮಗುವಿನಂತೆ ನಾಲ್ಕು ಕಾಲಲ್ಲಿ ಹತ್ತಿದಳು. ಮಂಡಿ ಕಲ್ಲಿಗೆ ತಾಗಿದಾಗ ಅವಳ ಬಾಯಿಂದ ಸಣ್ಣಗೆ ಒಂದು ದನಿ ಬಂತು. ಅದು ಅವನು ಎಂದೂ ಕೇಳದ ದನಿ.

ಅವನು ಎದ್ದು ಮುಂದೆ ಬಂದ. ಅವಳು ತಿರುಗಿ ನೋಡಿದ್ದೇ ತಡ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು.

"ಮಂಡಿ ನೋಯ್ತದಾ?"

"ಇಲ್ಲ."

"ನಾನ್ ನೋಡ್ದೆ, ಯಲ್ಲೀ."

ಅವಳು ಮೆಟ್ಟಿಲ ಮೇಲೆ ಕೂತಳು. ಕೂರುವಾಗ ಕಾಲನ್ನು ಕೈಯಲ್ಲಿ ಎತ್ತಿ ಮುಂದಕ್ಕಿಟ್ಟಳು, ಈ ಸಲ ಮುಚ್ಚಿಡಲಿಲ್ಲ.

"ನೋಯ್ತದೆ. ಆವತ್ತಿಂದ್ಲೂ ನೋಯ್ತದೆ."

"ಹೇಳ್ಬೇಕಾಗಿತ್ತು."

"ಹೇಳಿದ್ರೆ ಮತ್ತೆ ಕಬ್ಬಿಣ ಕಾಯಿಸ್ತಿದ್ದೆ."

"ಬ್ಯಾಡ ಅಂದಿದ್ರೆ ಬಿಡ್ತಿದ್ದೆ ಕಣೇ."

"ಬ್ಯಾಡ ಅಂದೆ." ಅವಳ ದನಿ ಏರಲಿಲ್ಲ. "ನಿನ್ ಕಾಲ್ ಇಡ್ಕೊಂಡು ಬ್ಯಾಡ ಅಂದೆ. ನಿನ್ ತಮ್ಮ ನನ್ ಎದೆ ಮೇಲೆ ಕುಂತಿದ್ದ. ಸುಮ್ಕಿರಮ್ಮಿ, ಇನ್ನೆಲ್ಡೇ ಗೆರೆ ಅಂದೆ ನೀನು. ನಾನ್ ಸುಮ್ಕಾದೆ. ನೋಡು, ಇಳೀತು ಅಂತ ನಗಾಡ್ದೆ."

ಹನುಮಯ್ಯನಿಗೆ ಆ ನಗು ನೆನಪಿತ್ತು. ಅದನ್ನು ಅವನು ಎಷ್ಟೋ ಮಂದಿಗೆ ಹೇಳಿ ಮತ್ತೆ ನಕ್ಕಿದ್ದ. ಅವಳ ಪಕ್ಕದಲ್ಲಿ ಕೂರಲು ಒಂದು ಹೆಜ್ಜೆ ಇಟ್ಟ. ಅವಳು ಅಷ್ಟೂ ಮಾತಾಡಿದ ಮೇಲೂ, ಅವನ ನೆರಳು ಮೇಲೆ ಬಿದ್ದದ್ದೇ, ಚಾಚಿದ್ದ ಕಾಲನ್ನು ಹಲ್ಲು ಕಚ್ಚಿ ಒಳಗೆಳೆದುಕೊಂಡಳು.

ಮಾರನೆಯ ವಾರ ತಮ್ಮನ ಸೊಸೆ ನಂದಿತಾ ಯಲ್ಲಮ್ಮನನ್ನು ಮೂಳೆ ಡಾಕ್ಟರ ಬಳಿ ಕರೆದುಕೊಂಡು ಹೋದಳು. ತಮ್ಮ ತೀರಿಕೊಂಡು ಐದು ವರ್ಷವಾಗಿತ್ತು. ಅವನ ಮಗ, ಸೊಸೆ ಎದುರು ಮನೆಯಲ್ಲೇ ಇದ್ದರು. ಹನುಮಯ್ಯ ತಾನೂ ಬರುತ್ತೇನೆಂದ, ಯಲ್ಲಮ್ಮ ಬೇಡವೆಂದಳು. ಎಕ್ಸ್‌ರೇ ನೋಡಿದ ಡಾಕ್ಟರು, ಮಂಡಿಯಲ್ಲಿ ಏನೂ ಉಳಿದಿಲ್ಲ, ಇಷ್ಟು ವರ್ಷ ಹೇಗೆ ನಡೆದಿರಿ ಎಂದು ಕೇಳಿದರಂತೆ. ಆಪರೇಷನ್ ಮಾಡಿ ಮಂಡಿಯನ್ನೇ ಬದಲಾಯಿಸಬಹುದು, ನಡೆಯುವುದು ಸಲೀಸಾಗುತ್ತದೆ ಎಂದರಂತೆ. ಒಳಗೆ ಏನು ಇಡುತ್ತೀರಿ ಎಂದು ಯಲ್ಲಮ್ಮ ವಿಚಾರಿಸಿದಳು. ಲೋಹದ ಕೀಲು ಎಂದು ಹೇಳಿ ಡಾಕ್ಟರು ಡ್ರಾಯರಿನಿಂದ ಒಂದನ್ನು ತೆಗೆದು ತೋರಿಸಿದರು. ಅವಳು ಅದನ್ನು ನೋಡಿ, ಮೇಜು ಹಿಡಿದು ಎದ್ದು, ಹೊರಗೆ ಬಂದುಬಿಟ್ಟಳು. ನಂದಿತಾ ಎಷ್ಟು ಹೇಳಿದರೂ ಮತ್ತೆ ಆ ಕಡೆ ಹೋಗಲಿಲ್ಲ. ತನ್ನ ಮೈಗೆ ಕಬ್ಬಿಣ ಬಿದ್ದದ್ದು ಸಾಕು ಎಂದಳು.

ಮನೆಯಲ್ಲಿ ಅವಳು ಗೋಡೆ ಹಿಡಿದು ಕುಂಟತೊಡಗಿದಳು. ಏಳುವಾಗ, ಕೂರುವಾಗ ನರಳತೊಡಗಿದಳು. ಅವನು ಮನೆಯಲ್ಲಿ ಇಲ್ಲದಾಗ ಮಾತ್ರ. ಇನ್ನು ಮುಚ್ಚಿಡುವುದಿಲ್ಲ ಎಂದು ಅವಳೇ ಒಮ್ಮೆ ಹೇಳಿದ್ದಳು, ಆದರೆ ಮೈ ಅವಳ ಮಾತು ಕೇಳುತ್ತಿರಲಿಲ್ಲ. ಅವನ ಕೆಮ್ಮು ಬಾಗಿಲಲ್ಲಿ ಕೇಳಿದರೆ ಸೊಂಟ ತಾನಾಗಿಯೇ ನೆಟ್ಟಗಾಗುತ್ತಿತ್ತು, ಸವೆದ ಮಂಡಿಯ ಮೇಲೆ ಇಡೀ ಭಾರ ಬೀಳುತ್ತಿತ್ತು. ಅದನ್ನು ಅವನು ಒಂದು ವಾರ ನೋಡಿದ. ಆಮೇಲೆ ಹಾಸಿಗೆ ಸುತ್ತಿಕೊಂಡು ಎದುರು ಮನೆಯ ಮುಂದಿನ ಶೀಟಿನ ಕೋಣೆಗೆ ಹೋಗಿ ಮಲಗತೊಡಗಿದ.

ಈ ವಯಸ್ಸಿನಲ್ಲಿ ಗಂಡ ಹೆಂಡತಿ ಜಗಳವಾಡಿ ಬೇರೆಯಾದರು ಎಂದು ಬೀದಿಯವರು ಮಾತಾಡಿಕೊಂಡರು. ಹನುಮಯ್ಯನ ಊಟದ ತಟ್ಟೆಯನ್ನು ನಂದಿತಾ ತಂದುಕೊಡುತ್ತಾಳೆ. ಮಳೆ ಹಿಡಿದ ದಿನಗಳಲ್ಲಿ ಮಂಡಿ ಬಹಳ ನೋಯುತ್ತದೆಯಂತೆ. ಎದುರಿನ ಕಿಟಕಿಯಿಂದ ಯಲ್ಲಮ್ಮನ ನರಳಾಟ ಬೀದಿ ದಾಟಿ ಬರುತ್ತದೆ. ಅವನು ಬೀಡಿ ಹಚ್ಚಿಕೊಂಡು, ಕೆಮ್ಮು ಬಂದರೆ ಬಾಯಿಗೆ ಟವೆಲು ಒತ್ತಿಕೊಂಡು ಕೂತಿರುತ್ತಾನೆ.